ತೊಪ್ಪೂರಿನ ಏರಿನಲ್ಲಿ ನಿಲ್ಲುತ್ತಿದ್ದ ಕಾರು

ಮದುವೆಯಾದ ಐದನೆಯ ದಿನ ನಮ್ಮ ಕಾರು ತೊಪ್ಪೂರಿನ ಏರಿನಲ್ಲಿ ನಿಂತಿತು. ಸೇಲಂನ ಗಂಡನ ಮನೆಯಿಂದ ಧರ್ಮಪುರಿಯಾಚೆಯ ನನ್ನ ತವರಿಗೆ ಮೊದಲ ಸಲ ಹೊರಟಿದ್ದೆವು. ಸ್ಟಿಯರಿಂಗ್ ಹಿಡಿದು ಗಂಡ, ಪಕ್ಕದಲ್ಲಿ ಅತ್ತೆ, ಹಿಂದಿನ ಸೀಟಿನಲ್ಲಿ ನಾನು ಮತ್ತು ಹಣ್ಣಿನ ಬುಟ್ಟಿ. ಏರು ಅರ್ಧ ಹತ್ತಿದ್ದೆವೋ ಏನೋ, ಕಾರು ಎರಡು ಸಲ ಮುಗ್ಗರಿಸಿತು, ಸುಮ್ಮನಾಯಿತು. ಹಿಂದೆ ಬರುತ್ತಿದ್ದ ಲಾರಿಗಳು ಹಾರ್ನ್ ಬಾರಿಸುತ್ತ ನಮ್ಮನ್ನು ಸುತ್ತಿಕೊಂಡು ಹೋದವು. ಅತ್ತೆ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದೇನೂ ಅಲ್ಲ, ಅಕ್ಕಿಯಲ್ಲಿ ಕಲ್ಲು ಸಿಕ್ಕಾಗ ನೋಡುವ ಹಾಗೆ.

"ನಿಮ್ಮಪ್ಪ ಇದ್ದಾಗ್ಲಿಂದ ಈ ಕಾರು ಒಂದ್ ದಿನ ನಿಂತಿಲ್ಲ," ಎಂದರು ಮಗನಿಗೆ. ಮಾತು ಮಗನಿಗೆ, ಕಣ್ಣು ನನ್ನ ಮೇಲೆ.

ಕಾರು ತೀರಿಹೋದ ನನ್ನ ಮಾವನವರದು. ಈಗಿನ ಕಾರುಗಳಲ್ಲಿರುವ ಕಂಪ್ಯೂಟರು ಅದರಲ್ಲಿಲ್ಲ. ಟ್ಯಾಂಕಿನಿಂದ ಒಂದು ಪಂಪು ಪೆಟ್ರೋಲನ್ನು ಎಳೆದು ಕಾರ್ಬ್ಯುರೇಟರಿಗೆ ಕೊಡುತ್ತದೆ, ಕಾರ್ಬ್ಯುರೇಟರು ಅದಕ್ಕೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುತ್ತದೆ, ಅಷ್ಟೇ. ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟಡಿ, ಎಂದರೆ ಸಣ್ಣ ಕಾರ್ಖಾನೆ, ನಡೆಸುವ ನನ್ನ ಗಂಡನಿಗೆ ಹೊಸ ಕಾರು ಕೊಳ್ಳುವುದು ಆಗದ ಮಾತೇನೂ ಆಗಿರಲಿಲ್ಲ. ಅಪ್ಪನ ಕಾರು ಎಂಬ ಹೆಮ್ಮೆ. ಮದುವೆಗೆಂದು ಅದಕ್ಕೆ ಕೆನೆಬಣ್ಣ ಹೊಡೆಸಿ, ಸೀಟಿಗೆ ಹೊಸ ಹೊದಿಕೆ, ಹೊಸ ಹಾರ್ನ್, ಪೆಟ್ರೋಲ್ ಟ್ಯಾಂಕಿಗೆ ಬೀಗವಿರುವ ಹೊಸ ಮುಚ್ಚಳ ಎಲ್ಲ ಹಾಕಿಸಿದ್ದರು. ಮದುಮಗಳಿಗಿಂತ ಕಾರೇ ಚೆನ್ನಾಗಿದೆ ಎಂದು ನೆಂಟರು ನಕ್ಕಿದ್ದರು.

ಆ ದಿನ ಗಂಡ ಬಾನೆಟ್ ಎತ್ತಿ, ಕುಡಿಯುವ ನೀರಿನ ಬಾಟಲಿಯನ್ನು ಪಂಪಿನ ಮೇಲೆ ಸುರಿದು, ಒದ್ದೆ ಟವೆಲ್ ಸುತ್ತಿ, ಅರ್ಧ ಗಂಟೆ ಕಾದರು. ಬಿಸಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಅಡ್ಡ ನಿಂತಿದೆ, ತಣ್ಣಗಾದರೆ ಸರಿಹೋಗುತ್ತದೆ ಎಂದರು. ತಣ್ಣಗಾಯಿತು, ಸ್ಟಾರ್ಟೂ ಆಯಿತು. ಆ ವಿವರಣೆಯೇ ನಿಜವೆಂದು ಎಲ್ಲರೂ ನಂಬಿದೆವು.

ಆಮೇಲೆ ಅದು ಒಂದು ಚಾಳಿಯಾಯಿತು. ಊರೊಳಗೆ ಓಡಾಡುವಾಗ ಏನೂ ಇಲ್ಲ. ಗಂಡ ದಿನಾ ಪಟ್ಟಡಿಗೆ ಹೋಗಿಬರುತ್ತಿದ್ದರು, ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರು, ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು. ನಾನು ಕೂತು ತವರಿಗೋ ಎಡಪ್ಪಾಡಿಯ ನೆಂಟರ ಮನೆಗೋ ಹೊರಟರೆ ದಾರಿಯಲ್ಲಿ ನಿಲ್ಲುತ್ತಿತ್ತು. ಪ್ರತಿಸಲವೂ ಅಲ್ಲ, ನಾಲ್ಕು ಸಲದಲ್ಲಿ ಮೂರು ಸಲ. ಅಷ್ಟು ಸಾಕಾಗಿತ್ತು. ಅತ್ತೆ ಮನೆಗೆ ಬಂದವರೆದುರು ಕಾಫಿ ಲೋಟ ಇಡುತ್ತ ಹೇಳುವರು: "ನಮ್ ಸೊಸೆ ರಾಶಿ ಇಲ್ದೋಳು. ಅವ್ಳು ಕುಂತ್ರೆ ಕಾರೇ ಓಡಾದಿಲ್ಲ." ರಾಶಿ ಎಂದರೆ ನಮ್ಮ ಕಡೆ ಅದೃಷ್ಟ, ಕಾಲ್ಗುಣ. ಬಂದವರು ನಗುವರು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಗಂಡ ನಗುತ್ತಿರಲಿಲ್ಲ, ಬೇಡವೆಂದೂ ಹೇಳುತ್ತಿರಲಿಲ್ಲ.

ಮೆಕ್ಯಾನಿಕ್ ಒಬ್ಬರಿದ್ದರು, ವಯಸ್ಸಾದ ತಮಿಳರು, ಮಾವನವರ ಕಾಲದಿಂದ ಈ ಕಾರಿಗೆ ಕೈಹಾಕಿದವರು. ಅವರು ಕಾರ್ಬ್ಯುರೇಟರ್ ಬಿಚ್ಚಿ ಅದರ ಸಣ್ಣ ಸಣ್ಣ ತೂತುಗಳನ್ನೆಲ್ಲ ಊದಿ ತೊಳೆದರು. ಪಂಪಿನ ಒಳಗಿನ ರಬ್ಬರ್ ಪೊರೆ ಬದಲಾಯಿಸಿದರು. ಫಿಲ್ಟರ್ ಹೊಸದು ಹಾಕಿದರು. ಬಿಸಿಯಾದಾಗ ಕೈಕೊಡುವುದು ಕಿಡಿ ಹುಟ್ಟಿಸುವ ಕಾಯಿಲ್ ಇರಬಹುದೆಂದು ಅದನ್ನೂ ಬದಲಾಯಿಸಿದರು. ಟ್ಯಾಂಕ್ ಇಳಿಸಿ, ಒಳಗೆ ಕಸವಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದರು. ಪ್ರತಿಸಲ ತಾವೇ ಊರೊಳಗೆ ಎರಡು ಸುತ್ತು ಓಡಿಸಿ ತಂದು, ಕೈ ಒರೆಸಿಕೊಳ್ಳುತ್ತ, "ಒಣ್ಣುಮೇ ಇಲ್ಲೆ ಸಾರ್, ವಂಡಿ ನಲ್ಲಾ ಇರುಕ್ಕು" ಎನ್ನುವರು. ಗಾಡಿಯಲ್ಲಿ ಏನೂ ದೋಷವಿಲ್ಲ ಎಂದು ಅಷ್ಟು ತಿಳಿದವರು ಹೇಳಿದ ಮೇಲೆ ದೋಷ ಬೇರೆಲ್ಲೋ ಇರಬೇಕಷ್ಟೆ. ಕಾರಿನಲ್ಲಿ ಬದಲಾಯಿಸದೆ ಉಳಿದದ್ದು ನಾನೊಬ್ಬಳೇ.

ಮದುವೆಯ ಎರಡನೆಯ ವರ್ಷ ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. ಅಪ್ಪನಿಗೆ ಉಸಿರಾಟ ಕಷ್ಟವಾಗಿದೆ, ಬೇಗ ಬಾ ಎಂದ. ನಾನು ಸೇಲಂನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವನ ಮಾತಿನ ನಡುವೆ ಹಿಂದಿನಿಂದ ಕೇಳಿಸಿದ ಉಸಿರಿನ ಸದ್ದಿಗೇ ಎಷ್ಟು ಹೊತ್ತು ಉಳಿದಿದೆ ಎಂದು ನನಗೆ ಗೊತ್ತಾಗಿತ್ತು. ಗಂಡ ತಕ್ಷಣ ಹೊರಟರು, ಅದರಲ್ಲಿ ತಪ್ಪಿಲ್ಲ. ದೂರದ ದಾರಿಯೆಂದು ಊರು ದಾಟುವ ಮೊದಲು ಟ್ಯಾಂಕ್ ತುಂಬಿಸಿದರು. ತೊಪ್ಪೂರಿನ ಏರಿನಲ್ಲಿ ಕಾರು ನಿಂತಿತು.

ಧರ್ಮಪುರಿಯ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಕೈ ಅಡ್ಡ ಹಾಕಿದರೆ ಯಾವುದಾದರೊಂದು ನಿಲ್ಲುತ್ತಿತ್ತು. ನಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. ಗಂಡ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ.

"ಒಬ್ಳೇ ಬಸ್ಸಲ್ಲಿ ಓಗಿ ಇಳುದ್ರೆ ನಿಮ್ ಮನೇವ್ರು ನನ್ನ ಏನಂದ್ಕತಾರೆ? ಸುಮ್ನೆ ಕುಂತ್ಕ. ಈಗ ಸ್ಟಾರ್ಟ್ ಆಯ್ತೈತೆ."

ನಾನು ಕೂತೆ. ಇವತ್ತಿಗೂ ನನಗೆ ಅರ್ಥವಾಗದಿರುವುದು ಅದೊಂದೇ, ನಾನು ಯಾಕೆ ಕೂತೆ ಎಂಬುದು. ಆ ದಾರಿಯಲ್ಲಿ ಕಾರು ಮೂರು ಸಲ ನಿಂತಿತು. ನಾವು ತಲುಪಿದಾಗ ಅಪ್ಪನ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ ಆಗಿತ್ತು. ಅಕ್ಕ ಬಂದಳಾ ಎಂದು ಎರಡು ಸಲ ಕೇಳಿದರು ಎಂದ ತಮ್ಮ. ಅದನ್ನು ಹೇಳದಿದ್ದರೆ ಒಳ್ಳೆಯದಿತ್ತು, ಅವನಿಗೆ ಅಷ್ಟು ತಿಳಿಯಲಿಲ್ಲ.

ಕಾರ್ಯವೆಲ್ಲ ಮುಗಿಸಿ ನಾನು ಸೇಲಂಗೆ ಮರಳಿದ ದಿನ ಅತ್ತೆ ನನಗೆ ಊಟ ಬಡಿಸಿದರು. ಅವರು ಬಡಿಸಿದ್ದು ಅದೇ ಮೊದಲು, ಮನಸ್ಸು ಕರಗಿದೆ ಅಂದುಕೊಂಡೆ. ಸಾರು ಹಾಕುತ್ತ ಮೆಲ್ಲಗೆ ಹೇಳಿದರು: "ನಿನ್ ರಾಶಿ ನಿಮ್ಮಪ್ಪನ್ನೂ ಬುಡ್ಲಿಲ್ಲ ನೋಡು." ಕರುಣೆಯಿಂದಲೇ ಹೇಳಿದರು. ಅದನ್ನು ಅವರು ನಂಬಿದ್ದರು. ನಾನು ಆ ಅನ್ನ ತಿಂದೆ.

ಅಂದಿನಿಂದ ನಾನು ಬರೆದಿಡತೊಡಗಿದೆ. ಅಡುಗೆಮನೆಯ ದಿನದ ಕ್ಯಾಲೆಂಡರಿನಿಂದ ಹರಿದ ಹಾಳೆಗಳ ಹಿಂದೆ, ಕಾರು ಎಲ್ಲಿ ನಿಂತಿತು, ಎಷ್ಟು ದೂರ ಓಡಿದ ಮೇಲೆ, ಬಿಸಿಲಿತ್ತೇ ಮೋಡವಿತ್ತೇ, ಯಾರು ಯಾರು ಕೂತಿದ್ದರು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂದು. ಕನ್ನಡದಲ್ಲಿ ಬರೆದೆ. ನಾವೆಲ್ಲ ಮನೆಯಲ್ಲಿ ಆಡುವುದು ಕನ್ನಡವೇ ಆದರೂ ಓದಿದ್ದು ತಮಿಳು; ಗಂಡನಿಗಾಗಲಿ ಅತ್ತೆಗಾಗಲಿ ಕನ್ನಡ ಅಕ್ಷರ ಬರುವುದಿಲ್ಲ. ನನಗೆ ಅದನ್ನು ಕಲಿಸಿದ್ದು ಅಪ್ಪ. ಹಾಳೆಗಳನ್ನು ರಾಗಿ ಡಬ್ಬಿಯ ಕೆಳಗೆ ಇಟ್ಟೆ.

ಹತ್ತು ಹನ್ನೆರಡು ಹಾಳೆಯಾಗುವ ಹೊತ್ತಿಗೆ ಒಂದು ಸಂಗತಿ ಎದ್ದು ಕಂಡಿತು. ಬಿಸಿಲಿಗೂ ನಿಲ್ಲುವುದಕ್ಕೂ ಸಂಬಂಧವಿರಲಿಲ್ಲ. ಮಳೆಯಲ್ಲೂ ನಿಂತಿತ್ತು. ಹಾಗಾದರೆ ಪೆಟ್ರೋಲು ಆವಿಯಾಗುವ ಕತೆ ಸುಳ್ಳು. ನಿಂತಾಗಲೆಲ್ಲ ಟ್ಯಾಂಕ್ ತುಂಬಿತ್ತು. ಅರ್ಧ ಟ್ಯಾಂಕಿನಲ್ಲಿ ಒಂದು ಸಲವೂ ನಿಂತಿರಲಿಲ್ಲ. ಊರೊಳಗೆ ಓಡಾಡುವಾಗ ಗಂಡ ಸ್ವಲ್ಪ ಸ್ವಲ್ಪ ಹಾಕಿಸುತ್ತಿದ್ದರು, ದೂರ ಹೋಗುವಾಗ ಮಾತ್ರ ತುಂಬಿಸುತ್ತಿದ್ದರು. ನಾನು ಕಾರು ಹತ್ತುತ್ತಿದ್ದುದು ದೂರ ಹೋಗುವಾಗ ಮಾತ್ರ. ಪೆಟ್ರೋಲ್ ಹೆಚ್ಚಿದ್ದರೆ ಯಾಕೆ ನಿಲ್ಲಬೇಕು ಎಂಬುದು ಆಗ ತಿಳಿಯಲಿಲ್ಲ.

ತಿಳಿದದ್ದು ಎಡಪ್ಪಾಡಿಗೆ ಹೋಗುವಾಗ. ತುಂಬಿದ ಟ್ಯಾಂಕಿನಲ್ಲಿ ಹೊರಟಿದ್ದೆವು. ಅರ್ಧ ದಾರಿಯಲ್ಲಿ ಕಾರು ಮುಗ್ಗರಿಸತೊಡಗಿತು. ಗಂಡನಿಗೆ ಈ ಸಲ ಪೆಟ್ರೋಲಿನಲ್ಲೇ ಕಲಬೆರಕೆ ಎಂಬ ಅನುಮಾನ. ಕಾರು ನಿಂತ ಮೇಲೆ ಇಳಿದು, ಮೂಸಿ ನೋಡಲೆಂದು ಟ್ಯಾಂಕಿನ ಬೀಗ ತೆಗೆದರು. ಮುಚ್ಚಳ ಸುಲಭಕ್ಕೆ ಬರಲಿಲ್ಲ. ಅಂಗೈಯೂರಿ ತಿರುಗಿಸಿ ಎಳೆದರು. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಮೂಸಿದರು, ಏನೂ ಇಲ್ಲವೆಂದು ಮುಚ್ಚಿದರು, ಕೂತು ಕೀ ತಿರುಗಿಸಿದರು. ಸ್ಟಾರ್ಟ್ ಆಯಿತು. ಅರ್ಧ ಗಂಟೆ ಕಾದಿರಲಿಲ್ಲ, ನೀರು ಸುರಿದಿರಲಿಲ್ಲ. ಅವರು ಅದನ್ನು ಗಮನಿಸಲಿಲ್ಲ.

ಮರುದಿನ ವಾರ್ಡಿನಲ್ಲಿ ಒಬ್ಬ ಹೆಂಗಸಿಗೆ ಡ್ರಿಪ್ ಹಾಕುತ್ತಿದ್ದೆ. ಗಟ್ಟಿ ಬಾಟಲಿ. ಅಂಥ ಬಾಟಲಿಗೆ ಮೇಲೊಂದು ಸೂಜಿ ಚುಚ್ಚಿ ಗಾಳಿಗೆ ದಾರಿ ಮಾಡಿಕೊಡಬೇಕು, ಇಲ್ಲದಿದ್ದರೆ ನೀರು ಇಳಿಯುವುದು ನಿಧಾನವಾಗಿ ನಿಂತೇಹೋಗುತ್ತದೆ. ಬಾಟಲಿ ತುಂಬಿದ್ದಷ್ಟೂ ಬೇಗ ನಿಲ್ಲುತ್ತದೆ, ಒಳಗೆ ಗಾಳಿ ಕಡಿಮೆಯಿರುವುದರಿಂದ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ ಅದು. ಸೂಜಿ ಚುಚ್ಚಿದ ಕೈ ಹಾಗೇ ನಿಂತಿತು. ಮದುವೆಗೆಂದು ಹಾಕಿಸಿದ ಆ ಬೀಗದ ಮುಚ್ಚಳ. ಹಳೆಯದರಲ್ಲಿ ಗಾಳಿಗೊಂದು ತೂತಿದ್ದಿರಬೇಕು, ಹೊಸದರಲ್ಲಿಲ್ಲ. ಪಂಪು ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿನೊಳಗೆ ಎಳೆತ ಹೆಚ್ಚುತ್ತದೆ, ಕೊನೆಗೆ ಪಂಪಿನ ಕೈಲಾಗುವುದಿಲ್ಲ. ಅರ್ಧ ಗಂಟೆ ಕಾದರೆ ಎಲ್ಲಿಂದಲೋ ಸೋರಿ ಗಾಳಿ ಒಳಗೆ ಸೇರುತ್ತದೆ, ಕಾರು ಮತ್ತೆ ಓಡುತ್ತದೆ. ನಾನೂ ಆ ಮುಚ್ಚಳವೂ ಒಂದೇ ವಾರ ಆ ಮನೆಗೆ ಬಂದವರು. ಮೆಕ್ಯಾನಿಕ್ ಟ್ಯಾಂಕ್ ಪರೀಕ್ಷಿಸುವ ಪ್ರತಿಸಲವೂ ಮೊದಲು ಮಾಡುತ್ತಿದ್ದ ಕೆಲಸ ಆ ಮುಚ್ಚಳ ತೆಗೆದು ಬದಿಗಿಡುವುದು.

ನಾನು ಗಂಡನಿಗೆ ಹೇಳಲಿಲ್ಲ. ಹೇಳೋಣವೆಂದೇ ಆ ಸಂಜೆ ಮನೆಗೆ ಹೋದೆ. ಅತ್ತೆ ಅಕ್ಕಪಕ್ಕದವರೊಂದಿಗೆ ಜಗಲಿಯಲ್ಲಿ ಕೂತಿದ್ದರು, ನಾನು ಚಪ್ಪಲಿ ಬಿಡುವಾಗ ಮಾತು ನಿಲ್ಲಿಸಿದರು. ಒಳಗೆ ಹೋದೆ, ಅನ್ನಕ್ಕಿಟ್ಟೆ.

ಮೊದಲು ನನಗೇ ಖಚಿತವಾಗಬೇಕಿತ್ತು. ಮೆಟ್ಟೂರಿಗೆ ಹೋಗುವ ದಿನ, ತುಂಬಿದ ಟ್ಯಾಂಕಿನ ಮುಚ್ಚಳವನ್ನು ಯಾರಿಗೂ ಕಾಣದಂತೆ ಅರ್ಧ ತಿರುವು ಸಡಿಲಿಸಿಟ್ಟೆ. ಕಾರು ಎಲ್ಲೂ ನಿಲ್ಲಲಿಲ್ಲ. ಹಿಂದಿನ ದಿನ ಅತ್ತೆ ಮುಂಭಾಗಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ್ದರು, ಅದರಿಂದ ಸರಿಹೋಯಿತು ಎಂದರು. ಮುಂದಿನ ಸಲ ಬಿಗಿಯಾಗಿಟ್ಟೆ, ನಿಂತಿತು. ಅದರ ಮುಂದಿನ ಸಲ ಸಡಿಲಿಸಿದೆ, ಓಡಿತು. ಆ ಮನೆಯಲ್ಲಿ ನನ್ನ ಕೈಯಲ್ಲಿದ್ದ ಒಂದೇ ಒಂದು ಅಧಿಕಾರ ಅದು. ಅದನ್ನು ಇಟ್ಟುಕೊಂಡು ಮೂರು ತಿಂಗಳು ಬದುಕಿದೆ. ರುಚಿಯಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಆ ಬೇಸಿಗೆಯಲ್ಲಿ ಅತ್ತೆಯ ಅಣ್ಣನ ಮನೆಯಲ್ಲಿ, ಧರ್ಮಪುರಿಯ ಹತ್ತಿರ, ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಹಿಂದಿನ ದಿನ ಅತ್ತೆ ನನ್ನ ಮುಂದೆಯೇ ಗಂಡನಿಗೆ ಹೇಳಿದರು: "ಇವ್ಳು ಬ್ಯಾಡ. ಕಾರು ನಿಂತೋಯ್ತೈತೆ. ನಾವಿಬ್ರೇ ಓಗಿ ಬರಾನ." ನನಗೆ ರಜೆ ಸಿಕ್ಕಿತ್ತು, ಸೀರೆ ಇಸ್ತ್ರಿ ಮಾಡಿಟ್ಟಿದ್ದೆ. ಗಂಡ ಸರಿ ಎಂದರು. ಸೀರೆಯನ್ನು ಬೀರುವಿನಲ್ಲಿ ಮಡಿಸಿಟ್ಟೆ, ಆಸ್ಪತ್ರೆಗೆ ಫೋನ್ ಮಾಡಿ ಡ್ಯೂಟಿಗೆ ಬರುತ್ತೇನೆಂದೆ.

ಮಾರನೆಯ ಬೆಳಿಗ್ಗೆ ಗಂಡ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದು, ಕಾರನ್ನು ಬಾಗಿಲಲ್ಲಿ ನಿಲ್ಲಿಸಿ ಸ್ನಾನಕ್ಕೆ ಹೋದರು. ಕೀಲಿಗೊಂಚಲು ಮೊಳೆಯ ಮೇಲಿತ್ತು. ನಾನು ಹೊರಗೆ ಹೋಗಿ ಮುಚ್ಚಳ ನೋಡಿದೆ. ಬಂಕಿನವನು ಅದನ್ನು ಪೂರ್ತಿ ತಿರುಗಿಸಿರಲಿಲ್ಲ, ಸ್ವಲ್ಪ ಸಡಿಲವಿತ್ತು. ಹಾಗೇ ಬಿಟ್ಟಿದ್ದರೆ ಕಾರು ಧರ್ಮಪುರಿ ತಲುಪುತ್ತಿತ್ತು. ಒತ್ತಿ ಹಿಡಿದು ತಿರುಗಿಸಿದೆ, ಬೀಗ ಹಾಕಿದೆ, ಕೀಲಿಗಳನ್ನು ಮೊಳೆಗೆ ಹಾಕಿ ಡ್ಯೂಟಿಗೆ ಹೋದೆ.

ಹನ್ನೊಂದು ಗಂಟೆಯ ಹೊತ್ತಿಗೆ ವಾರ್ಡಿನಲ್ಲಿರುವಾಗ ಗಂಡನ ಫೋನು ಬಂತು. ಏರಿನಲ್ಲಿ ನಿಂತಿದೆ, ಇದು ಎರಡನೆಯ ಸಲ, ಇದ್ದ ನೀರೆಲ್ಲ ಪಂಪಿಗೆ ಹಾಕಿಯಾಯಿತು ಎಂದರು. ಮೆಕ್ಯಾನಿಕ್ ಫೋನು ಎತ್ತುತ್ತಿಲ್ಲ, ಅವರ ಮನೆಗೆ ಯಾರನ್ನಾದರೂ ಕಳಿಸು ಎಂದರು. ಹಿಂದೆ ಲಾರಿಗಳ ಸದ್ದು. ಆ ಸದ್ದಿನ ನಡುವೆ ದನಿ ತಗ್ಗಿಸಿ, "ಅಮ್ಮಂಗೆ ಆಯ್ತಾ ಇಲ್ಲ. ಒಂದಕ್ಕೆ ಓಗ್ಬೇಕಂತವ್ಳೆ. ಇಲ್ಲಿ ಮರೆ ಅನ್ನಾದೇ ಇಲ್ಲ," ಎಂದರು.

ಅತ್ತೆಗೆ ಸಕ್ಕರೆ ಕಾಯಿಲೆ. ತಡೆದುಕೊಳ್ಳುವುದು ಆಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು, ಅವರ ಮಾತ್ರೆ ಎಣಿಸಿ ಕೊಡುತ್ತಿದ್ದವಳು ನಾನು. ಮುಚ್ಚಳ ತೆಗೆದು ಹಾಕಿ ಎಂದು ನಾಲ್ಕು ಮಾತು ಹೇಳಿದ್ದರೆ ಐದು ನಿಮಿಷದಲ್ಲಿ ಅವರು ಏರು ಹತ್ತಿ ಯಾವುದಾದರೂ ಹೋಟೆಲಿನ ಮುಂದೆ ನಿಲ್ಲುತ್ತಿದ್ದರು.

"ಎಂಜಿನ್ ತಣ್ಣಗಾಗ್ಲಿ," ಎಂದೆ. "ಬ್ಯಾರೆ ಏನ್ ಮಾಡಾಕಾಯ್ತೈತೆ. ಕಾಯ್ರಿ."

ಫೋನಿಟ್ಟು ಹಾಸಿಗೆಯ ಚಾದರ ಬದಲಾಯಿಸಿದೆ.

ಅವರು ಶಾಸ್ತ್ರಕ್ಕೆ ತಲುಪಲೇ ಇಲ್ಲ. ಮಧ್ಯಾಹ್ನದ ಮೇಲೆ ಕಾರು ತಿರುಗಿಸಿಕೊಂಡು ಇಳಿಜಾರಿನಲ್ಲಿ ವಾಪಸು ಬಂದಿದ್ದರು. ನಾನು ಡ್ಯೂಟಿ ಮುಗಿಸಿ ಬಂದಾಗ ಅತ್ತೆ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಉಟ್ಟಿದ್ದ ರೇಷ್ಮೆ ಸೀರೆ ಬಚ್ಚಲಿನ ಬಕೆಟ್ಟಿನಲ್ಲಿತ್ತು. ಕಾರಿನ ಮುಂದಿನ ಸೀಟಿನ ಹೊದಿಕೆ ಕಿತ್ತು ಹಿತ್ತಲಿಗೆ ಎಸೆದಿದ್ದರು. ನಾನು ಸೀರೆಯನ್ನೂ ಹೊದಿಕೆಯನ್ನೂ ಒಗೆದೆ. ಅದರ ವಾಸನೆ ನನಗೆ ಹೊಸದಲ್ಲ, ವಾರ್ಡಿನಲ್ಲಿ ದಿನಾ ಇರುವುದು. ಆದರೂ ಆ ದಿನ ಎರಡು ಸಲ ಸೋಪು ಹಾಕಿದೆ.

ಅತ್ತೆ ಎರಡು ದಿನ ಜ್ವರದಲ್ಲಿದ್ದರು. ಗಂಜಿ ಕುಡಿಸಿದೆ, ಮೈ ಒರೆಸಿದೆ. ಬೈದಾರು ಎಂದು ಕಾದೆ. ಬೈದಿದ್ದರೆ ನಾನು ಗೆದ್ದಂತಾಗುತ್ತಿತ್ತು, ಈ ಸಲ ನಾನು ಕಾರಿನಲ್ಲಿರಲಿಲ್ಲವಲ್ಲ ಎಂದು ಮುಖಕ್ಕೆ ಹೇಳಲು ಮಾತು ಜೋಡಿಸಿಟ್ಟುಕೊಂಡಿದ್ದೆ. ಮೂರನೆಯ ದಿನ ಅವರೇ ಹೇಳಿದರು.

"ಅವತ್ತು ನೀ ಇರ್ಲಿಲ್ಲ ಕಾರಲ್ಲಿ."

ನಾನು ಇಲ್ಲವೆಂದೆ.

"ಅಂಗಾರೆ ನಿನ್ ರಾಶಿ ಅಲ್ಲ. ಯೋಚ್ನೆ ಮಾಡ್ದೆ. ಎಲ್ಲಾ ಸಲಾನೂ ನಾನಿದ್ದೆ, ಇಲ್ಲಾಂದ್ರೆ ನಾ ಕಟ್ಕೊಟ್ಟ ಬುತ್ತಿ ಇತ್ತು. ಗಂಡನ್ನ ಕಳ್ಕಂಡೋಳು ನಾನು. ನಂದೇ ಇರ್ಬೇಕು."

ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಗೋಡೆಯ ಕಡೆ ತಿರುಗಿದರು. ನಾನು ಜೋಡಿಸಿಟ್ಟ ಮಾತು ಯಾವುದಕ್ಕೂ ಬರಲಿಲ್ಲ.

ಆ ಸಂಜೆ ಗಂಡನನ್ನು ಕಾರಿನ ಹಿಂದಕ್ಕೆ ಕರೆದು ಮುಚ್ಚಳ ತೋರಿಸಿದೆ. ಗಾಳಿಗೆ ದಾರಿಯಿಲ್ಲ ಎಂದು ವಿವರಿಸಿದೆ. ಅವರು ಅದನ್ನು ತೆಗೆದು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೆಳ್ಳಿಯಲ್ಲಿ ಕೂದಲೆಳೆಯಷ್ಟು ತೂತು ಕೊರೆಯುವವರು, ಅವರಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

"ನಿಂಗೆ ಯಾವಾಗಿಂದ ಗೊತ್ತು?"

ಈಗ ತಾನೇ ಹೊಳೆಯಿತು ಎನ್ನಬಹುದಿತ್ತು. "ಮೂರ್ ತಿಂಗ್ಳಾಯ್ತು," ಎಂದೆ.

ಹೊಡೆಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ: "ಫೋನ್ ಮಾಡ್ದಾಗ್ಲೂ?" ನಾನು ಹೌದೆಂದು ತಲೆಯಾಡಿಸಿದೆ. ಅವರು ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಪಟ್ಟಡಿಗೆ ಹೋದರು. ಸಣ್ಣದೊಂದು ತೂತು ಕೊರೆದು ತಂದು ಹಾಕಿದರು. ಆಮೇಲೆ ಬಹಳ ತಿಂಗಳು ನನ್ನೊಂದಿಗೆ ಬೇಕಾದಷ್ಟೇ ಮಾತು. ನನ್ನ ಅಪ್ಪನ ವಿಷಯ ಅವರು ಎತ್ತಲಿಲ್ಲ, ಅವರ ಅಮ್ಮನ ವಿಷಯ ನಾನು ಎತ್ತಲಿಲ್ಲ. ಅಮ್ಮನಿಗೆ ಮುಚ್ಚಳದ ಸಂಗತಿ ಅವರು ಹೇಳಲೂ ಇಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಕಾರು ಈಗಲೂ ಇದೆ. ಅದಾದ ಮೇಲೆ ಒಂದು ಸಲವೂ ನಿಂತಿಲ್ಲ. ತೊಪ್ಪೂರಿನ ಏರನ್ನು ಎರಡನೆಯ ಗೇರಿನಲ್ಲಿ ಗೊಣಗುತ್ತ ಹತ್ತುತ್ತದೆ, ಮುಂದಿನ ಸೀಟಿನಲ್ಲಿ ನಾನು ಕೂರುತ್ತೇನೆ. ಅತ್ತೆ ಮಾತ್ರ ಆಮೇಲೆ ಅದನ್ನು ಹತ್ತಲೇ ಇಲ್ಲ. ಮದುವೆಗಾಗಲಿ ಸಾವಿಗಾಗಲಿ ನಮಗಿಂತ ಎರಡು ಗಂಟೆ ಮೊದಲು ಎದ್ದು, ಟೌನ್ ಬಸ್ಸಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಧರ್ಮಪುರಿಯ ಬಸ್ಸು ಹಿಡಿಯುತ್ತಾರೆ. ಕಾರು ಸರಿಯಾಗಿದೆ ಎಂದು ಮಗ ಎಷ್ಟು ಹೇಳಿದರೂ, "ನಾ ಕುಂತ್ರೆ ನಿಂತೋಯ್ತೈತೆ, ನೀವು ಚೆನ್ನಾಗಿ ಓಗ್ಬನ್ನಿ," ಎನ್ನುತ್ತಾರೆ. ಮನೆಗೆ ಬಂದವರೆದುರು ಈಗ ತಮ್ಮನ್ನೇ ರಾಶಿಯಿಲ್ಲದವಳು ಎಂದುಕೊಳ್ಳುತ್ತಾರೆ. ಬಂದವರು ಈಗಲೂ ನಗುತ್ತಾರೆ.

ಹೋದ ವರ್ಷ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಇಬ್ಬರೇ ಜಗಲಿಯಲ್ಲಿ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಅದು ರಾಶಿಯಲ್ಲ, ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆ ತೂತಿರಲಿಲ್ಲ, ಅಷ್ಟೇ ಅತ್ತೆ ಎಂದೆ. ನಿಮ್ಮ ಮಗನೇ ತೂತು ಕೊರೆದು ಸರಿಮಾಡಿದ್ದು ಎಂದೆ. ನನಗೆ ಮೊದಲೇ ಗೊತ್ತಿತ್ತು ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು. ಅದನ್ನು ಹೇಳಿದ್ದರೆ ನಂಬುತ್ತಿದ್ದರೇನೋ.

ಅತ್ತೆ ಅಂಟಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ನೀ ಒಳ್ಳೇಳು," ಎಂದರು. "ನನ್ ಸಮಾದಾನಕ್ಕೆ ಏಳ್ತಾ ಇದ್ದೀಯ. ನಾ ನಿನ್ನ ಏನೆಲ್ಲಾ ಅಂದೆ, ನೀ ಮನ್ಸಲ್ಲಿ ಇಕ್ಕಳ್ಳಿಲ್ಲ."

ಹುಣಸೆ ತುಂಬಿದ ಮೊರವನ್ನು ನನ್ನ ಕಡೆ ಸರಿಸಿ, ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೋಗಬೇಕು, ನಾನು ಏಳದಿದ್ದರೆ ಎಬ್ಬಿಸು ಎಂದರು. ಎಬ್ಬಿಸುತ್ತೇನೆ ಎಂದೆ.